ಗಿರಿಜವ್ವ ಸೋಮವಾರ ಗುಡಿಗೆ ಹೋದದ್ದು

ಬನವಾಸಿಯಿಂದ ಎರಡು ಮೈಲಿ ದೂರದ ಒಂದು ಹಳ್ಳಿ. ಸಾವಿರದ ಒಂಬೈನೂರ ಮೂವತ್ತೈದರ ಆಸುಪಾಸು. ಆ ಊರಿನಲ್ಲಿ ಗೋಡೆಗೆ ಗೋಡೆ ಹತ್ತಿದ ಎರಡು ಮನೆಗಳಿದ್ದವು. ಒಂದರಲ್ಲಿ ಅಣ್ಣ ಚಂದ್ರಶೇಖರಪ್ಪ, ಅವನ ಹೆಂಡತಿ ಗಿರಿಜವ್ವ. ಇನ್ನೊಂದರಲ್ಲಿ ತಮ್ಮ ಪರಮೇಶ್ವರಪ್ಪ, ಅವನ ಹೆಂಡತಿ ಪಾರ್ವತವ್ವ. ಅಣ್ಣ ತಮ್ಮ ಕೂಡಿಯೇ ಬೆಲ್ಲದ ವ್ಯಾಪಾರ ಮಾಡುತ್ತಿದ್ದರು. ಹೆಂಡಿರ ನಡುವೆಯೂ ಜಗಳವೆಂಬುದು ಇರಲಿಲ್ಲ. ಆದರೆ ಗಿರಿಜವ್ವನಿಗೆ ತನ್ನ ನೆಗೆಣ್ಣಿಯನ್ನು ಕಂಡರೆ ಹೊಟ್ಟೆಕಿಚ್ಚು. ಪಾರ್ವತವ್ವ ಸುಟ್ಟ ರೊಟ್ಟಿ ಉಬ್ಬಿದರೂ ಕಿಚ್ಚು, ಅವಳ ಅಂಗಳದ ಮಲ್ಲಿಗೆ ಹೂ ಬಿಟ್ಟರೂ ಕಿಚ್ಚು. ಎಲ್ಲ ಊರಿನಲ್ಲೂ ಇರುವ ರೋಗ ಇದು. ಹೊರಗೆ ಕಾಣುವುದಿಲ್ಲ, ಅಷ್ಟೇ.

ಊರಿನ ಈಶ್ವರನ ಗುಡಿಯಲ್ಲಿ ಶ್ರಾವಣ ಸೋಮವಾರಗಳಂದು ಹೆಂಗಸರು ಆರತಿ ಪದ ಹಾಡುವ ರೂಢಿ. ಒಬ್ಬಳು ಮುಂದೆ ನಿಂತು ಎತ್ತಿಕೊಡಬೇಕು, ಉಳಿದವರು ಹಿಂದಿನಿಂದ ದನಿಗೂಡಿಸಬೇಕು. ಹತ್ತು ವರ್ಷ ಗಿರಿಜವ್ವನೇ ಎತ್ತಿಕೊಟ್ಟಿದ್ದಳು. ಈ ವರ್ಷ ಹಿರಿಯರು, "ಪಾರ್ವತವ್ವನ ಕಂಠ ಚಲೋ ಐತಿ, ಆಕಿನೂ ಒಂದ ವರ್ಷ ಹಾಡ್ಲಿ," ಎಂದುಬಿಟ್ಟರು.

ಗಿರಿಜವ್ವ "ಆಗ್ಲೇಳ್ರಿ" ಎಂದು ನಕ್ಕಳು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು.

"ಕಂಠ ಅಂತ ಕಂಠ! ತೌರಿನಿಂದ ರೇಷ್ಮಿ ಸೀರಿ ತಂದಾಳಲ್ಲ, ಅದನ್ನ ನೋಡಿ ಕೊಟ್ಟಾರ," ಎಂದು ಗಂಡನ ಮುಂದೆ ಹೇಳಿದಳು. ಚಂದ್ರಶೇಖರಪ್ಪ ಬಾಯಿ ತುಂಬ ತಂಬಾಕು ಇಟ್ಟುಕೊಂಡಿದ್ದ. ಉಗುಳಲು ಎದ್ದು ಹೊರಗೆ ಹೋದ.

ಅದೇ ವಾರ ಶಿರಸಿ ಪೇಟೆಯ ದಾವೂದ ಬಟ್ಟೆಯ ಗಂಟು ಹೊತ್ತು ಬಂದ. ಸಿದ್ದಾಪುರ, ಯಲ್ಲಾಪುರದವರೆಗೂ ಮನೆಮನೆಗೆ ಹೋಗಿ ಸೀರೆ ಮಾರುವವನು ಅವನು; ಈ ಮನೆಗೆ ಹಳೆಯ ಪರಿಚಯ. ಗಿರಿಜವ್ವ ಗಂಟಿನಲ್ಲಿದ್ದುದನ್ನೆಲ್ಲ ಕೆದಕಿ, ಗಾಳಿಗೆ ಹಾರುವಂಥ ತೆಳ್ಳನೆಯ ಗುಲಾಬಿ ಬಣ್ಣದ ಮಿಲ್ ಸೀರೆಯೊಂದನ್ನು ಎತ್ತಿ ಹಿಡಿದಳು. ಆಚೆ ಕಡೆಯಿಂದ ಅವಳ ಕೈಬೆರಳು ಕಾಣುತ್ತಿತ್ತು.

"ಇದನ್ನ ಸೋಮವಾರ ಗುಡಿಗೆ ಉಡ್ತೀನಿ."

ದಾವೂದ ತಲೆ ಕೆರೆದುಕೊಂಡ. "ಅವ್ವಾರ, ತಪ್ಪು ತಿಳೀಬ್ಯಾಡ್ರಿ. ಇದು ಮದುವಿ ಮನಿಗೆ ಚಂದ. ಗುಡಿಗೆ ಭಾಳ ಜಾಳಾತು. ನಮ್ಮ ಮನ್ಯಾಕಿ ಜೊಹರಾನೂ ದರ್ಗಾಕ್ಕ ಹೋಗೂ ಮುಂದ ದಪ್ಪನ ಬಟ್ಟಿನ ಉಡ್ತಾಳ, ತಲಿ ಮ್ಯಾಲ ಸೆರಗ ಹಾಕ್ಕೋತಾಳ. ದೊಡ್ಡವರ ಮನಿಗೆ ಹೋದಂಗ ಅಲ್ಲೇನ್ರಿ?"

"ವ್ಯಾಪಾರ ಮಾಡಾಕ ಬಂದಿಯೋ, ಬುದ್ಧಿ ಹೇಳಾಕ ಬಂದಿಯೋ?"

ದಾವೂದ ನಕ್ಕು, ಸೀರೆ ಕೊಟ್ಟು ಹೋದ.

ಸೋಮವಾರ ಬಂತು. ಗಿರಿಜವ್ವ ಗುಲಾಬಿ ಸೀರೆ ಉಟ್ಟಳು. ಕಾಲಿಗೆ ಹೊಸ ಚಪ್ಪಲಿ ಮೆಟ್ಟಿದಳು. ನಡೆದರೆ ಕಿರಕ್ ಕಿರಕ್ ಎನ್ನುವ ಚಪ್ಪಲಿ. ನಾಲ್ಕು ಜನ ತಿರುಗಿ ನೋಡಲಿ ಎಂದೇ ಮೆಟ್ಟಿದ್ದು. ಬಾಯಲ್ಲಿ ಎಲೆಯಡಿಕೆ. ಅಂಗಳ ದಾಟಿ ಗುಡಿಯ ಮೆಟ್ಟಿಲವರೆಗೂ ಅವಳು ಹಾಗೇ ನಡೆದಳು. ಹೊರಗಿನ ತೊಟ್ಟಿಯಲ್ಲಿ ಕಾಲು ತೊಳೆಯುತ್ತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಾಯಿಗೆ ಸೆರಗು ಹಿಡಿದರು. 'ಉರೀಲಿ, ಎಲ್ಲಾರ್ದೂ ಉರೀಲಿ' ಎಂದುಕೊಂಡಳು ಗಿರಿಜವ್ವ.

ಚಪ್ಪಲಿ ಹೊರಗೆ ಬಿಟ್ಟರೆ ಯಾರಾದರೂ ಹಾಕಿಕೊಂಡು ಹೋದರೆ? ಅವಳು ಅದನ್ನು ಕಳಚಿ, ಒಂದು ವಸ್ತ್ರದಲ್ಲಿ ಸುತ್ತಿ, ಕಂಕುಳಲ್ಲಿ ಇರುಕಿ, ಮೇಲೆ ಸೆರಗು ಎಳೆದುಕೊಂಡು ಒಳಗೆ ಹೋದಳು.

ಒಳಗೆ ಜನ ತುಂಬಿತ್ತು. ಪೂಜಾರಿ ಅಯ್ಯನವರು ಒಮ್ಮೆ ಇವಳ ಕಡೆ ನೋಡಿ ಕಣ್ಣು ತಗ್ಗಿಸಿದರು. ಪಾರ್ವತವ್ವ ದೀಪಕ್ಕೆ ಹಾಕುವ ಎಣ್ಣೆಯ ಬಟ್ಟಲು ಹಿಡಿದು ಮೆಲ್ಲಗೆ ಮುಂದೆ ಹೋಗುತ್ತಿದ್ದಳು. ಅವಳು ಉಟ್ಟದ್ದು ರೇಷ್ಮೆಯಲ್ಲ, ಮನೆಯಲ್ಲಿ ಒಗೆದ ನೂಲಿನ ಸೀರೆ. ಅದನ್ನು ಕಂಡು ಗಿರಿಜವ್ವನಿಗೆ ಇನ್ನಷ್ಟು ಸಿಟ್ಟು ಬಂತು. 'ಬೇಕಂತನ ಹಿಂಗ ಬಂದಾಳ, ಜನ ಹೊಗಳ್ಲಿ ಅಂತ.'

ಪಕ್ಕದವಳಿಗೆ ಕೇಳುವಂತೆ ಅಂದೇಬಿಟ್ಟಳು: "ನೋಡ ನೋಡ, ಎಷ್ಟ ಸೋಗು!"

ಮಂತ್ರ ಹೇಳುತ್ತಿದ್ದ ಅಯ್ಯನವರು ಒಂದು ಕ್ಷಣ ನಿಲ್ಲಿಸಿದರು.

ಗಂಟೆ ಮೊಳಗಿತು. ಪಾರ್ವತವ್ವನಿಗಿಂತ ಮುಂದೆ ನಿಲ್ಲಬೇಕು, ತನ್ನ ದನಿಯೇ ಮೊದಲು ಏಳಬೇಕು ಎಂದು ಗಿರಿಜವ್ವ ಜನರ ನಡುವೆ ನುಗ್ಗಿದಳು. ಕಂಕುಳಿನ ಗಂಟಿನಿಂದಾಗಿ ಅವಳ ಮೊಣಕೈ ಹೊರಗೆ ಚಾಚಿಕೊಂಡಿತ್ತು. ಅದು ಪಾರ್ವತವ್ವನ ಕೈಗೆ ಬಡಿಯಿತು. ಬಟ್ಟಲು ಉರುಳಿತು. ನುಣುಪಾದ ಕಲ್ಲಿನ ಮೇಲೆ ಎಣ್ಣೆ ಹರಿಯಿತು. ಹಿಂದೆಯೇ ಹೂವಿನ ಬುಟ್ಟಿ ಹಿಡಿದು ಬರುತ್ತಿದ್ದ ಮುದುಕಿ ಮುರಿಗೆವ್ವ ಆ ಎಣ್ಣೆಯ ಮೇಲೆ ಕಾಲಿಟ್ಟು ಜಾರಿ ಬಿದ್ದಳು.

ಮುರಿಗೆವ್ವ ನಲವತ್ತು ವರ್ಷದಿಂದ ಆ ಗುಡಿಯ ಅಂಗಳ ಗುಡಿಸುವವಳು. ಅವಳ ಬಲಗೈ ಮಣಿಕಟ್ಟಿನಲ್ಲಿ ಮುರಿದಿತ್ತು. ಅವಳ ನರಳಾಟ ಕೇಳಿ ಆರತಿ ನಿಂತಿತು.

"ಯಾರ್ದು ಎಣ್ಣಿ?"

"ಪಾರ್ವತವ್ವಂದು. ಬಟ್ಟಲಾ ಕೈಬಿಟ್ಟಾಳ."

"ನನ್ನ ಕೈಗೆ ಯಾರೋ ಬಡದ್ರು," ಎಂದಳು ಪಾರ್ವತವ್ವ. ಅವಳ ದನಿ ಗದ್ದಲದಲ್ಲಿ ಮುಳುಗಿಹೋಯಿತು. ಹಿರಿಯರೊಬ್ಬರು ರೇಗಿದರು: "ಬಟ್ಟಲಾ ಹಿಡಿಯಾಕ ಬರದಾಕಿಗೆ ಮುಂದಾಳ್ತನ ಯಾಕ? ಬರೂ ಸೋಮವಾರ ಗಿರಿಜವ್ವನ ಹಾಡ್ಲಿ."

ಗಿರಿಜವ್ವ ಬಾಯಿ ತೆರೆಯಲಿಲ್ಲ. ಬಾಯಲ್ಲಿ ಎಲೆಯಡಿಕೆ ಇತ್ತು.

ಅಂದು ಅವಳು ಹಿಗ್ಗಿನಿಂದ ಹೋಳಿಗೆ ಮಾಡಿದಳು. ಗೋಡೆಯಾಚೆ ಪಾರ್ವತವ್ವನ ಮನೆಯಲ್ಲಿ ಸದ್ದೇ ಇರಲಿಲ್ಲ. ಆ ಮೌನ ಕೇಳುತ್ತ ಎರಡು ಹೋಳಿಗೆ ತಿಂದಳು. ಮೂರನೆಯದನ್ನು ಅರ್ಧಕ್ಕೇ ಬಿಟ್ಟಳು.

ಹಿಗ್ಗು ಮೂರೇ ದಿನ. ನಾಲ್ಕನೆಯ ದಿನ ಬಾವಿಯ ಹತ್ತಿರ ಹೆಂಗಸರು ಮಾತಾಡುತ್ತಿದ್ದರು. "ಏನ ಅನ್ನವ್ವಾ, ಪಾರ್ವತವ್ವ ದಿನಾ ಮುಂಜಾನೆ ಮುರಿಗೆವ್ವಜ್ಜಿಗೆ ಗಂಜಿ ಒಯ್ತಾಳ, ತಲಿ ಬಾಚ್ತಾಳ. ತಪ್ಪಾತು ಖರೇ, ಆದ್ರ ಮನಸು ಬಂಗಾರ."

ಮತ್ತೆ ಬಂಗಾರ! ತಪ್ಪು ಹೊತ್ತುಕೊಂಡೂ ಬಂಗಾರ! ಗಿರಿಜವ್ವನಿಗೆ ತಡೆಯಲಾಗಲಿಲ್ಲ. ಮರುದಿನ ತಾನೇ ತುಪ್ಪ ಹಾಕಿದ ಅನ್ನ, ಸಾರು ಹೊತ್ತುಕೊಂಡು, ನಾಲ್ಕು ಜನ ನೋಡುವಂತೆ ಓಣಿಯ ನಡುವೆಯೇ ನಡೆದು ಮುರಿಗೆವ್ವನ ಗುಡಿಸಲಿಗೆ ಹೋದಳು.

ಮುರಿಗೆವ್ವ ಕೈಗೆ ಬಿದಿರಿನ ಪಟ್ಟಿ ಕಟ್ಟಿಸಿಕೊಂಡು ಗೋಡೆಗೊರಗಿ ಕೂತಿದ್ದಳು. ಎಡಗೈಯಲ್ಲಿ ಎರಡು ತುತ್ತು ಉಂಡು ಕೇಳಿದಳು:

"ಗಿರಿಜವ್ವಾ, ಅವತ್ತ ನಿನ್ನ ಕಂಕುಳಾಗ ಏನಿತ್ತು?"

ಗಿರಿಜವ್ವ ಸೆರಗು ಎಳೆದುಕೊಂಡಳು. "ಏನಿಲ್ಲಜ್ಜಿ."

"ಚಪ್ಪಲಿ ಇದ್ವು. ವಸ್ತ್ರದಾಗಿಂದ ಒಂದ ಹಿಮ್ಮಡ ಹೊರಗ ಕಾಣತಿತ್ತು. ನಿನ್ನ ಮೊಣಕೈ ಆಕಿ ಕೈಗೆ ಬಡದದ್ದೂ ಕಂಡೀನಿ. ನಿನ್ನ ಹಿಂದ ಇದ್ದಾಕಿ ನಾನು."

"ಮತ್ತ ಯಾಕ ಹೇಳ್ಲಿಲ್ಲ?"

"ನಾ ಹೇಳಿದ್ರ ನಿನಗ ಹೇಳಾಕ ಏನ ಉಳೀತಿತ್ತು?"

ಗಿರಿಜವ್ವ ಸೋಲಲಾರದೆ ಅಂದಳು: "ನಾ ಏನ ಉಟ್ರ ಏನಾತು ಅಜ್ಜಿ? ಚಪ್ಪಲಿ ಎಲ್ಲಿಟ್ರ ಏನಾತು? ದೇವ್ರು ಮನಸ ನೋಡ್ತಾನ, ಸೀರಿ ನೋಡ್ತಾನೇನು?"

"ನೋಡೂದಿಲ್ಲವ್ವಾ. ನಾ ಹರಕ ಸೀರಿ ಉಟ್ಟು ನಲವತ್ತ ವರ್ಷ ಅವನ ಅಂಗಳದಾಗ ತಿರಗೀನಿ, ಒಂದಿನಾನೂ ಬ್ಯಾಡ ಅಂದಿಲ್ಲ. ಆದ್ರ ಗುಡ್ಯಾಗ ಅವನೊಬ್ಬನ ಇರ್ತಾನೇನು? ಮಗಳಿಗೆ ಬ್ಯಾನಿ ಐತಿ ಅಂತ ಅಳ್ತಾ ಬಂದಾಕಿ ಇರ್ತಾಳ. ಮಗನ ಕಳಕೊಂಡಾಂವ ಕಣ್ಣ ಮುಚ್ಚಿ ನಿಂತಿರ್ತಾನ. ಅಂಥಾ ಕಡೆ ಮೈ ಕಾಣೂ ಹಂಗ ಉಟ್ಟು, ಚಪ್ಪಲಿ ಕಿರಗುಟ್ಟಿಸಿ, ಎಲಿ ಅಗಿಯುತ್ತಾ, ಅವರಿವರ ಸುದ್ದಿ ಮಾತಾಡಿದ್ರ ಅವರ ಮನಸು ಎಲ್ಲಿ ನಿಂತೀತು? ಗಂಡಸರೂ ಏನ ಕಮ್ಮಿ ಇಲ್ಲ. ಕಂಬದ ಮೂಲ್ಯಾಗ ತಂಬಾಕ ಉಗುಳ್ತಾರ. ನಾ ಕೈಲೆ ಬಳದೀನಿ ಅದನ್ನ. ನಿನ್ನ ಗಂಡಂದೂ ಬಳದೀನಿ."

ಗಿರಿಜವ್ವ ತಲೆ ತಗ್ಗಿಸಿದಳು.

"ರೇಷ್ಮಿ ಬೇಕಾಗಿಲ್ಲ, ಹೊಸಾದೂ ಬೇಕಾಗಿಲ್ಲ. ತೊಳೆದದ್ದಿರಬೇಕು, ಮೈ ಮುಚ್ಚಿರಬೇಕು. ಕಾಲು ಬಾಯಿ ತೊಳಕೊಂಡು, ಸಾಲಿನಾಗ ನಿಂತು, ಮುದುಕರಿಗೆ ಬಸರೇರಿಗೆ ದಾರಿ ಬಿಟ್ಟು ಒಳಗ ಹೋಗ್ಬೇಕು. ಇಷ್ಟ."

"ನನಗ ಆಕಿನ್ನ ಕಂಡ್ರ ಆಗೂದಿಲ್ಲಜ್ಜಿ," ಎಂದಳು ಗಿರಿಜವ್ವ. ಹೇಳಿದ ಮೇಲೆ ತಾನೇ ಬೆಚ್ಚಿದಳು. ಹತ್ತು ವರ್ಷದಿಂದ ಯಾರಿಗೂ ಹೇಳದ ಮಾತು. "ಆಕಿ ಹಾಡಿದ್ರ ಹೊಟ್ಯಾಗ ಉರೀತೈತಿ."

"ಗೊತ್ತೈತಿ. ಉರೀ ತಗೊಂಡು ಬಾ, ಆರ್ಲಿ ಅಂತ ಬೇಡ್ಕೋ. ಅದಕ್ಕ ಅಲ್ಲೇನು ಗುಡಿ ಇರೂದು? ಆದ್ರ ಆ ಉರೀಗೆ ಅಲ್ಲಿ ಎಣ್ಣಿ ಹಾಕಬ್ಯಾಡ."

ಮನೆಗೆ ಬಂದು ಗಿರಿಜವ್ವ ಗಂಡನಿಗೆ ಎಲ್ಲ ಹೇಳಿದಳು. ಚಂದ್ರಶೇಖರಪ್ಪನಿಗೆ ಮೊದಲು ನಗು ಬಂತು. "ಅಜ್ಜಿಗೆ ಅರಳು ಮರಳು. ಕಂಬದ ಮೂಲಿ ದೇವರೇನು?"

"ಕೈ ಮುರಕೊಂಡ ಮುದುಕಿ ಅದನ್ನ ಬಳದಾಳ. ನಿಮ್ಮ ಅವ್ವನ ವಾರಿಗಿಯಾಕಿ. ನಿಮ್ಮ ಅವ್ವ ಬಳಕೋತ ಕೂತಿದ್ರ?"

ಅವನ ನಗು ನಿಂತಿತು. ಎದ್ದು ಹೊರಗೆ ಹೋಗಿ ಬಾಯಿ ಮುಕ್ಕಳಿಸಿ ಬಂದ.

ಮುಂದಿನ ಸೋಮವಾರ ಗಿರಿಜವ್ವ ಒಗೆದ ನೀಲಿ ನೂಲಿನ ಸೀರೆ ಉಟ್ಟು, ಮೈತುಂಬ ಸೆರಗು ಹೊದ್ದು ಬರಿಗಾಲಲ್ಲಿ ಹೊರಟಳು. ತೊಟ್ಟಿಯಲ್ಲಿ ಕಾಲು ತೊಳೆದಳು. ಸಾಲಿನಲ್ಲಿ ನಿಂತಳು. ಮುರಿಗೆವ್ವನನ್ನು ಯಾರೋ ಕೈಹಿಡಿದು ಕರೆತಂದು ಕಂಬದ ಬಳಿ ಕೂರಿಸಿದ್ದರು. ಪಾರ್ವತವ್ವ ಎಲ್ಲರಿಗಿಂತ ಹಿಂದೆ, ಬಾಗಿಲಿನ ಬಳಿ ನಿಂತಿದ್ದಳು.

"ಹ್ಞೂಂ, ಎತ್ತಿಕೊಡವ್ವಾ ಗಿರಿಜವ್ವ," ಎಂದರು ಹಿರಿಯರು.

ಈಗ ಹಾಡಿಬಿಟ್ಟರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ. ಬೇಕೆಂದದ್ದು ಕೈಗೆ ಬಂದಿದೆ. ಅವಳು ಕೈಮುಗಿದಳು.

"ಹಾಡೂದಿಲ್ರಿ. ಎಣ್ಣಿ ಬಟ್ಟಲಾ ಬೀಳಿಸಿದಾಕಿ ನಾನು. ಚಪ್ಪಲಿ ಕಂಕುಳಾಗ ಇಟ್ಕೊಂಡು ಒಳಗ ಬಂದಿದ್ದೆ. ಆಕಿಗಿಂತ ಮುಂದ ನಿಲ್ಲಬೇಕಂತ ನುಗ್ಗಿದೆ. ನನ್ನ ಮೊಣಕೈ ಬಡೀತು. ಪಾರ್ವತವ್ವಂದು ತಪ್ಪಿಲ್ಲ. ಹೊಟ್ಟಿಕಿಚ್ಚಿಗೆ ಸುಮ್ಮನಿದ್ದೆ."

ಅಯ್ಯನವರ ಕೈಯ ಆರತಿ ಕೈಯಲ್ಲೇ ಉಳಿಯಿತು. ಹಿಂದಿನಿಂದ ಪಾರ್ವತವ್ವನ ದನಿ ಬಂತು, ಮೆಲ್ಲಗೆ:

"ಎಂಟ ದಿನ ಅಕ್ಕಾ. ಎಂಟ ದಿನ ನಾ ತಲಿ ತಗ್ಗಿಸಿ ಬಾವಿಗೆ ಹೋಗೀನಿ. ಗ್ವಾಡಿ ಆಚಿಗೇ ಇದ್ದಿ ನೀನು."

"ಹೌದವ್ವಾ," ಎಂದಳು ಗಿರಿಜವ್ವ. ಅವಳು ಪಕ್ಕಕ್ಕೆ ಸರಿದು ಮುಂದಿನ ಜಾಗ ಬಿಟ್ಟುಕೊಟ್ಟಳು.

ಪಾರ್ವತವ್ವ ಬಹಳ ಹೊತ್ತು ಅಲ್ಲಾಡಲಿಲ್ಲ. ಕೊನೆಗೆ ಕಣ್ಣು ಒರೆಸಿಕೊಂಡು ಮುಂದೆ ಬಂದು ನಿಂತಳು. ಗಿರಿಜವ್ವನ ಕಡೆ ನೋಡಲಿಲ್ಲ. ಪದ ಎತ್ತಿಕೊಂಡಳು. ಆ ದನಿ ಮೇಲೆ ಏರಿದಂತೆ ಗಿರಿಜವ್ವನ ಹೊಟ್ಟೆಯಲ್ಲಿ ಹಳೆಯ ಉರಿ ಒಮ್ಮೆ ಎದ್ದಿತು. ಅವಳು ಕಣ್ಣು ಮುಚ್ಚಿದಳು, ಆರಲಿ ಎಂದು ಬೇಡಿಕೊಂಡಳು. ಎರಡನೆಯ ಸಾಲು ಬಂದಾಗ ಎಲ್ಲರ ಜೊತೆ, ಮೊದಲ ಸಲ ಹಿಂದಿನಿಂದ, ದನಿಗೂಡಿಸಿದಳು.

ನೆಗೆಣ್ಣಿಯರು ಮತ್ತೆ ಮಾತಾಡಲು ದೀಪಾವಳಿಯೇ ಬರಬೇಕಾಯಿತು. ಆದರೆ ಮುರಿಗೆವ್ವನ ಕೈ ಕೂಡುವವರೆಗೆ ಅಂಗಳ ಗುಡಿಸಿದವರು ಅವರಿಬ್ಬರೇ: ಒಂದು ದಿನ ಇವಳು, ಒಂದು ದಿನ ಅವಳು. ಚಂದ್ರಶೇಖರಪ್ಪ ತೊಟ್ಟಿಯ ಪಕ್ಕ ಚಪ್ಪಲಿ ಇಡಲು ಒಂದು ಕಲ್ಲುಬೆಂಚು ಹಾಕಿಸಿದ. ಗುಡಿಗೆ ಬರುವ ದಿನ ಅವನ ಬಾಯಲ್ಲಿ ತಂಬಾಕು ಇರುತ್ತಿರಲಿಲ್ಲ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನೀವೂ ನಾಳೆಯೋ ನಾಡಿದ್ದೋ ಗುಡಿಗೆ ಹೋಗುವವರೇ. ಸ್ನಾನ ಮಾಡಿ, ಇದ್ದುದರಲ್ಲೇ ಶುಭ್ರವಾದ, ಮೈ ಮುಚ್ಚುವ ಬಟ್ಟೆ ಉಡಿ. ಚಪ್ಪಲಿ ಹೊರಗೇ ಬಿಡಿ. ಎಲೆಯಡಿಕೆ, ತಂಬಾಕು, ಬೀಡಿ ಮನೆಯಲ್ಲಿರಲಿ. ಸಾಲು ಮುರಿಯಬೇಡಿ, ಪೂಜೆಯ ಹೊತ್ತಿನಲ್ಲಿ ಮಾತು ಬೇಡ. ಬಡವರ ಬಟ್ಟೆ ನೋಡಿ ಯಾರೂ ನಗಬೇಡಿ. ನಿಮ್ಮ ಪಕ್ಕದಲ್ಲಿ ನಿಂತವರು ಯಾವ ನೋವು ಹೊತ್ತು ಬಂದಿದ್ದಾರೋ ನಿಮಗೆ ಗೊತ್ತಿಲ್ಲ. ಅವರು ನೆಮ್ಮದಿಯಿಂದ ಕೈಮುಗಿಯಲಿ. ಮನೆಯಿಂದ ಹೊರಡುವ ಮುಂಚೆ ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತು ನಿಮ್ಮನ್ನೇ ಕೇಳಿಕೊಳ್ಳಿ: ದೇವರನ್ನು ನೋಡಲು ಹೊರಟಿದ್ದೇನೋ, ನನ್ನನ್ನು ತೋರಿಸಲು ಹೊರಟಿದ್ದೇನೋ?