ಓದದೆ ಬಿಟ್ಟ ಸಾಲು

ನಾನು ಹೆಳವರ ಮನೆಯ ಹೊತ್ತಿಗೆ. ಎತ್ತಿನ ಮೇಲೆ ಊರೂರಿಗೆ ಹೋಗಿ, ಮನೆಗಳ ಮುಂದೆ ನಿಂತು ಅವರವರ ವಂಶಾವಳಿ ಹೇಳುವುದು ಹೆಳವರ ಕಸುಬು. ದಪ್ಪ ಕಾಗದ ಹೊಲಿದು, ಕೆಂಪು ಬಟ್ಟೆಯ ರಟ್ಟು ಹಾಕಿ ನನ್ನನ್ನು ಕಟ್ಟಿದವನು ಸಿದ್ರಾಮಪ್ಪ. ಮೊದಲ ಹೆಸರು ಬರೆಯುವ ಮುಂಚೆ ನನ್ನನ್ನು ಹಣೆಗೊತ್ತಿಕೊಂಡು, "ನನ್ನ ಕೈಲೆ ಸುಳ್ಳು ಬರಸಬ್ಯಾಡ" ಎಂದಿದ್ದ. ಹಾಗೆಯೇ ನಡೆದುಕೊಂಡ. ಆದರೆ ಬರೆದದ್ದನ್ನೆಲ್ಲ ಓದುತ್ತೇನೆಂದು ಅವನು ಯಾರಿಗೂ ಮಾತು ಕೊಟ್ಟಿರಲಿಲ್ಲ.

ಮಲಪ್ರಭೆಗೆ ಮಹಾಪೂರ ಬಂದ ವರ್ಷ, ಹೊಳೆದಂಡೆಯ ಹುಲ್ಲೂರ ಮನೆತನದ ನೀಲವ್ವ ಮಡಿಲಲ್ಲಿ ಕೂಸನ್ನಿಟ್ಟುಕೊಂಡು ಅವನೆದುರು ಕುಳಿತಳು. ಕೂಸು ಒಂದು ತೆಪ್ಪದಲ್ಲಿ ತೇಲಿ ಬಂದಿತ್ತು. ಹಡೆದವರ ಸುಳಿವಿಲ್ಲ. ಆಕೆಗೆ ಆಗಿನ್ನೂ ಮಕ್ಕಳಾಗಿರಲಿಲ್ಲ.

"ಇದ್ದದ್ದು ಇದ್ದಂಗ ಬರೀರಿ ಅಜ್ಜಾರ. ಅಂಗಳದಾಗ ಮಾತ್ರ ಓದಬ್ಯಾಡ್ರಿ. ಯಾರರ ಬೇಕಂತ ಬಂದು ಕೇಳಿದ್ರ ಹೇಳ್ರಿ."

ಕೂಸಿಗೆ ಗಂಗಪ್ಪ ಎಂದು ಹೆಸರಾಯಿತು. ಎಂಟು ವರ್ಷದ ಮೇಲೆ ನೀಲವ್ವನೇ ಒಬ್ಬ ಮಗನನ್ನು ಹಡೆದಳು, ಚನಮಲ್ಲಪ್ಪ. ಅಷ್ಟರಲ್ಲಿ ಊರ ಬಾಯಲ್ಲಿ ಅದು 'ತೆಪ್ಪದವರ ಮನೆ' ಆಗಿಹೋಗಿತ್ತು. ಶಾಲೆಯ ಮಾಸ್ತರರು ಇಬ್ಬರು ಹುಡುಗರಿಗೂ ಅದನ್ನೇ ಅಡ್ಡಹೆಸರಾಗಿ ಬರೆದರು. ಮುಂದೆ ಮನೆತನ ಮಗ್ಗ ಹೂಡಲು ಗಜೇಂದ್ರಗಡಕ್ಕೆ ಹೋಯಿತು. ಹೆಸರು ಉಳಿಯಿತು, ಕಾರಣ ಮರೆತುಹೋಯಿತು.

ನಾನು ಮಾತ್ರ ಮರೆಯುವಂತಿರಲಿಲ್ಲ. ಸಿದ್ರಾಮಪ್ಪನ ಮಗ, ಆಮೇಲೆ ಮೊಮ್ಮಗ ಯಲ್ಲಪ್ಪ, ಎಲ್ಲರೂ ಆ ಸಾಲಿಗೆ ಬಂದಾಗ ಗಂಟಲು ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದರು. ಯಾರಾದರೂ ಬಗ್ಗಿ ನೋಡಿಬಿಟ್ಟರೆ ಎಂದು ಪ್ರತಿ ಸಲವೂ ನನ್ನ ಹೊಲಿಗೆ ಬಿಗಿಯುತ್ತಿತ್ತು.

ಕಾಲವಾದ ಗಂಗಪ್ಪನ ಮಗಳು ಗಿರಿಜಾ ನಿವೃತ್ತ ಶಿಕ್ಷಕಿ. ಹೊಳೆಯೇ ಇಲ್ಲದ ಊರಲ್ಲಿ ನಾವೇಕೆ ತೆಪ್ಪದವರು ಎಂದು ಬೆನ್ನು ಹತ್ತಿದಳು. ಬಂಧುಗಳನ್ನು ಕೇಳಿದಳು, ಹಳೆಯ ಶಾಲಾ ದಾಖಲೆ ತೆಗೆಸಿದಳು. ಕೊನೆಗೆ ತನ್ನ ಮತ್ತು ಕಾಕಾ ಚನಮಲ್ಲಪ್ಪನ ಉಗುಳನ್ನು ಕೊಳವೆಗಳಲ್ಲಿ ತುಂಬಿ ವಂಶವಾಹಿ ಪರೀಕ್ಷೆಗೆ ಕಳಿಸಿದಳು. ಫಲಿತಾಂಶ ಬಂದ ಮೇಲೆ ಯಲ್ಲಪ್ಪನ ಮನೆಗೆ ಒಬ್ಬಳೇ ಬಂದಳು.

"ಕಾಕಾಗೂ ನನಗೂ ರಕ್ತಸಂಬಂಧ ಇಲ್ಲಂತ," ಎಂದಳು. "ಅಂದ್ರ ನಾ ನಮ್ಮಪ್ಪನ ಮಗಳಲ್ಲೇನು? ಹದಿನೈದು ದಿನ ಆತು, ಅವ್ವನ ಫೋಟೋ ಕಡೆ ನೋಡಾಕ ಆಗವಲ್ದು."

ತೀರಿಹೋದ ತಾಯಿಯ ಮೇಲೆ ಮಗಳಿಗೇ ಅನುಮಾನ ಬಂದಿತ್ತು. ನನ್ನ ಮೌನದ ಬೆಲೆ ಅದು. ಯಲ್ಲಪ್ಪ ಪುಟ ಬಿಡಿಸಿ ಆ ಸಾಲನ್ನು ಮೊದಲ ಬಾರಿಗೆ ಗಟ್ಟಿಯಾಗಿ ಓದಿದ. ಗಿರಿಜಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ಕಣ್ಣೊರೆಸಿಕೊಂಡ ಮೇಲೆ ಇನ್ನೊಂದು ಭಯ ಹಿಡಿಯಿತು.

"ಕಾಕಾಗ ಹೆಂಗ ಹೇಳ್ಲಿ? ಅಣ್ಣ ಅಂದ್ರ ಜೀವ ಬಿಡ್ತಿದ್ರು."

"ಪುಸ್ತಕಾನ ಹೇಳ್ಲಿ ಬಿಡ್ರಿ ಅಕ್ಕೋರ," ಎಂದ ಯಲ್ಲಪ್ಪ.

ಯಲ್ಲಪ್ಪ ನನ್ನನ್ನು ಗಜೇಂದ್ರಗಡಕ್ಕೆ ಒಯ್ದು ಓದಿದ; ಮನೆಯ ಕಟ್ಟೆಯ ಮೇಲೆ ಕುಳಿತು ಮುದುಕ ಚನಮಲ್ಲಪ್ಪ ಕಣ್ಣು ಮುಚ್ಚಿ ಕೇಳಿದ. ಗಿರಿಜಾ ಅವನ ಮೊಣಕಾಲು ಹಿಡಿದು ಕುಳಿತಿದ್ದಳು.

"ತೆಪ್ಪದಾಗ ಬಂದಾಂವ ಅಣ್ಣ," ಎಂದ ಆತ ನಿಧಾನವಾಗಿ. "ಅಂದಮ್ಯಾಲೆ ಹೆಸರು ಅವಂದು. ಎಂಬತ್ತು ವರ್ಷ ನಾ ಅವನ ಹೆಸರು ಹಾಕ್ಕೊಂಡು ತಿರಿಗೀನಿ. ನೀ ಯಾಕವ್ವಾ ಅಂಜತಿ?" ಯಲ್ಲಪ್ಪನ ಕಡೆ ತಿರುಗಿ, "ಇನ್ನ ಮ್ಯಾಲೆ ಬಿಡದಂಗ ಓದಪಾ," ಎಂದ.

ಈಗ ನನಗೆ ವಯಸ್ಸಾಗಿದೆ. ಯಲ್ಲಪ್ಪ ನನ್ನ ಪುಟಗಳನ್ನೆಲ್ಲ ಫೋನಿನಲ್ಲಿ ತೆಗೆದಿಟ್ಟುಕೊಂಡು, ನನ್ನನ್ನು ಬೇವಿನೆಲೆಯ ಜೊತೆ ಟ್ರಂಕಿನಲ್ಲಿ ಮಲಗಿಸಿದ್ದಾನೆ. ಆದರೂ ನೆಮ್ಮದಿಯಿಲ್ಲ. ಓದದೆ ಬಿಟ್ಟ ಸಾಲುಗಳು ನನ್ನಲ್ಲಿ ಇನ್ನೂ ಹದಿನಾರಿವೆ. ಎಲ್ಲವೂ ನೀಲವ್ವನಂಥವರು ಬರೆಸಿದ್ದಲ್ಲ. ಎಲ್ಲ ಮನೆಯ ಕಟ್ಟೆಯ ಮೇಲೂ ಚನಮಲ್ಲಪ್ಪನಂಥವರು ಕುಳಿತಿರುವುದಿಲ್ಲ. ಆ ಉಗುಳಿನ ಕೊಳವೆಗಳು ಈಗ ಬಹಳ ಮನೆಗಳಿಂದ ಹೋಗುತ್ತಿವೆಯಂತೆ.