ಇನ್ನೂರ ಹನ್ನೆರಡು ಸಾಲು

"ಆ ಇನ್ನೂರ ಹನ್ನೆರಡು ಸಾಲು ತೆಗೆಯೋಕೆ ನಾನು ಬಿಡಲ್ಲ, ಥೆಲ್ಮಾ," ಎಂದ ಆರ್ವಿಡ್ ಫೋನಿನಲ್ಲಿ.

ಥೆಲ್ಮಾ ಕ್ವಿಸ್ಟ್‌ಗೆ ಸಿಟ್ಟು ನೆತ್ತಿಗೇರಿತು. ಅಮೆರಿಕದ ಡುಲೂತ್ ಊರಿನ ಒಂದು ಟೆಲಿಫೋನ್ ಕಂಪನಿಯಲ್ಲಿ ಮೂವತ್ತು ವರ್ಷ ಪ್ರೋಗ್ರಾಂ ಬರೆದು ನಿವೃತ್ತಳಾದವಳು ಅವಳು. ಒಂದು ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಇನ್ನೊಂದು ಭಾಷೆಯಲ್ಲಿ ಬರೆದದ್ದರಿಂದ ಕೆಲಸ ಮಾಡಿಸಿಕೊಳ್ಳಲು ನಡುವೆ ಸೇತುವೆಯಂಥ ಒಂದು ಪ್ರೋಗ್ರಾಂ ಇತ್ತು; ಎಲ್ಲರೂ ಅದನ್ನು ಸೇತುವೆ ಎಂದೇ ಕರೆಯುತ್ತಿದ್ದರು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಒಪ್ಪುವುದು ಬಿಡುವುದು ಮಾತ್ರ ಅದನ್ನು ನೋಡಿಕೊಳ್ಳುವ ಆರ್ವಿಡ್‌ನ ಕೈಯಲ್ಲಿ. ಹಳೆಯ ಕಂಪ್ಯೂಟರುಗಳಿಗೆಂದು ಬರೆದಿದ್ದ ಆ ಸಾಲುಗಳನ್ನು ಥೆಲ್ಮಾ ಕಿತ್ತುಹಾಕಿ ಅವನಿಗೆ ಕಳಿಸಿದ್ದಳು. ಸೇತುವೆ ಶುರುವಾಗಿ ಎದ್ದು ನಿಲ್ಲಲು ಹಿಡಿಯುವ ಹೊತ್ತು ಅರ್ಧಕ್ಕಿಳಿದಿತ್ತು.

"ಆ ಕಾಲದ ಡಬ್ಬ ಈಗ ಯಾರ ಮನೇಲಿದೆ ಮಾರಾಯ?"

"ಒಬ್ಬನ ಮನೇಲಿದೆ. ನಂಬರ್ ಕೊಡ್ತೀನಿ. ತೆಗೀತಿದೀನಿ ಅಂತ ನೀನೇ ಅವನಿಗೆ ಹೇಳು."

ಹಟಕ್ಕೆ ಬಿದ್ದು ಆಗಲೇ ಫೋನ್ ಮಾಡಿದಳು. ಆಶ್‌ಲ್ಯಾಂಡಿನ ರಸೆಲ್ ಪೆಲ್ಕಿ, ಅದಿರು ಸಾಗಿಸುವ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವನು. ತನ್ನ ಹೆಸರು ಹೇಳಿ, ಸೇತುವೆಯ ಕೆಲಸ ಮಾಡುವವಳು ಎಂದಳು. ಸದ್ದಿಲ್ಲ. ಎರಡು ಸಲ ಹಲೋ ಎಂದಳು. ಇನ್ನೇನು ಇಡಬೇಕು ಎನ್ನುವಷ್ಟರಲ್ಲಿ ಒಂದು ಒರಟು ದನಿ ಬಂತು.

"ಇಡಬೇಡಿ ಮೇಡಂ. ಎಲ್ಲರೂ ಇಟ್ಟುಬಿಡ್ತಾರೆ."

ಮಾತುಮಾತಿಗೂ ಅಷ್ಟೇ ದೀರ್ಘ ಮೌನ. "ಕ್ಯಾನ್ಸರ್ ಆಗಿ ಧ್ವನಿಪೆಟ್ಟಿಗೆ ತೆಗೆದರು... ಅದಕ್ಕೆ ಮುಂಚೆ ನನ್ನ ದನೀನ ಒಂದು ಪ್ರೋಗ್ರಾಂಗೆ ತುಂಬಿಸಿಟ್ಟೆ. ಟೈಪ್ ಮಾಡಿದ್ದನ್ನ ಅದು ನನ್ನ ದನೀಲೇ ಹೇಳುತ್ತೆ... ಮಾಡಿದ ಕಂಪನಿ ಮುಳುಗೋಯ್ತು. ಈ ಹಳೇ ಲ್ಯಾಪ್‌ಟಾಪ್ ಬಿಟ್ಟು ಬೇರೆಲ್ಲೂ ಓಡಲ್ಲ. ಅದೂ ನಿಮ್ಮ ಸೇತುವೆ ಇದ್ರೇನೇ."

"ಬೇರೆ ದನಿ ಹಾಕಿಸ್ಕೋಬಹುದಲ್ಲ?" ಎಂದು ಕೇಳಿ ಥೆಲ್ಮಾ ನಾಲಗೆ ಕಚ್ಚಿಕೊಂಡಳು.

"ಹಾಕಿ ತೋರಿಸಿದ್ರು. ಹವಾಮಾನ ವರದಿ ಓದೋನ ಹಾಗಿತ್ತು. ನನ್ನ ಹೆಂಡತಿ ಎದ್ದು ಪಕ್ಕದ ಕೋಣೆಗೆ ಹೋಗಿಬಿಟ್ಟಳು." ಮತ್ತೆ ಮೌನ. "ಇದೂ ನಿಧಾನಾನೇ. ನಾನು ಜೋಕ್ ಹೇಳಿ ಮುಗಿಸೋ ಹೊತ್ತಿಗೆ ಗೆಳೆಯರು ಮನೆಗೆ ಹೊರಡೋಕೆ ಕೋಟು ಹಾಕ್ಕೊಂಡಿರ್ತಾರೆ. ನೀವು ಫೋನ್ ಮಾಡಿದ್ದು ಯಾಕೆ?"

"ಅದೇ... ಅದನ್ನ ಸ್ವಲ್ಪ ಬೇಗ ಆಗೋ ಹಾಗೆ ಮಾಡಬಹುದಾ ಅಂತ," ಎಂದಳು ಥೆಲ್ಮಾ. ಹಾಗೆಂದ ಮೇಲೆ ಮಾಡದೆ ವಿಧಿಯಿರಲಿಲ್ಲ.

ಕಿತ್ತ ಸಾಲುಗಳನ್ನೆಲ್ಲ ಮರಳಿ ಸೇರಿಸಿದಳು. ಕಸವೆಂದು ಓದದೇ ಬಿಸಾಕಿದ್ದನ್ನು ಈಗ ಒಂದೊಂದಾಗಿ ಓದತೊಡಗಿದಳು. ಹತ್ತನೆಯ ದಿನ ಹೊಳೆಯಿತು: ರಸೆಲ್ ಟೈಪ್ ಮಾಡಿದ ಪ್ರತಿ ವಾಕ್ಯಕ್ಕೂ ಸೇತುವೆ ಹೊಸದಾಗಿ ಕಟ್ಟಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಒಮ್ಮೆ ಎದ್ದರೆ ಎದ್ದೇ ಇರುವಂತೆ ಮಾಡಬೇಕಿತ್ತು. ಹೇಳುವಷ್ಟು ಸುಲಭವಿರಲಿಲ್ಲ. ಆರ್ವಿಡ್ ಎರಡು ಸಲ ವಾಪಸು ಕಳಿಸಿದ. ಮೂರನೆಯ ಸಲ ಒಂದೇ ಪದದ ಉತ್ತರ ಬಂತು: "ಸೇರಿಸಿದೆ."

ಮರುವಾರ ಬೆಳಿಗ್ಗೆ ಫೋನ್ ಬಡಿದುಕೊಂಡಿತು. "ರಸೆಲ್. ಸುಮ್ನೆ ಕೇಳ್ತಿರಿ," ಎಂದು ಆ ಒರಟು ದನಿ ತಟ್ಟನೆ ಹೇಳಿತು. ಫೋನನ್ನು ಯಾವುದೋ ಮೇಜಿನ ಮೇಲಿಟ್ಟ ಸದ್ದು. ತಟ್ಟೆ, ಚಮಚಗಳ ಗಲಗಲ. ಯಾರೋ ತಾನು ಹಿಡಿದ ಮೀನಿನ ಉದ್ದ ಹೇಳುತ್ತಿದ್ದ.

"ಹೋದ ವಾರ ಅದು ಇನ್ನೂ ಮರಿಯಾಗಿತ್ತಲ್ಲೋ!" ರಸೆಲ್‌ನ ದನಿ ನಡುವೆಯೇ ನುಗ್ಗಿತು. ಮೇಜಿನವರೆಲ್ಲ ಹೋ ಎಂದು ನಕ್ಕರು.

"ಲೋ ಪೆಲ್ಕಿ, ಸ್ವಲ್ಪ ಬಾಯಿ ಮುಚ್ಚೋ! ನಾನು ಹೇಳಿ ಮುಗಿಸ್ತೀನಿ," ಎಂದು ಮೀನಿನವನು ರೇಗಿದ.

ಕೂಗುತ್ತಿದ್ದ ಕೆಟಲನ್ನು ಥೆಲ್ಮಾ ಸದ್ದಾಗದಂತೆ ಒಲೆಯಿಂದಿಳಿಸಿ, ಫೋನನ್ನು ಕಿವಿಗೆ ಒತ್ತಿಕೊಂಡು ಅಲ್ಲೇ ನಿಂತಳು.