ಅರ್ಧ ಕಿಲೋದ ಆಚೆ

ಅಕ್ಕಿ — ಅಕ್ಕಿಕಾಳೇ, ಸೀರೆಯ ಮಡಿಕೆಯಿಂದ ಚಿಟಚಿಟ ನೆಲಕ್ಕೆ ಉದುರಿದ್ದು, ಸೀರೆಯೊಳಗೆ ಅಕ್ಕಿ ಯಾಕೆ ಬಂತು ಎಂದು ಚೇತನಾ ಇನ್ನೊಮ್ಮೆ ಕೊಡವಿದಳು, ಒಂದು ಉತ್ತತ್ತಿ ಬಿತ್ತು, ಅದರ ಹಿಂದೆ ಅರಿಷಿಣದ ಬೇರು, ಆಮೇಲೆ ಕೊಬ್ಬರಿ ಬಟ್ಟಲು, ಸರಿಯಾಗಿ ಕಾಲ್ಬೆರಳ ಮೇಲೆ — ಆನ್‌ಲೈನಿನಲ್ಲಿ ಕೊಂಡು, ಉಟ್ಟು ಮೆರೆದು ವಾಪಸ್ ಕಳಿಸಿದ್ದಾಳೆ ಮಹಾತಾಯಿ, ಯಾರದೋ ಕಾರ್ಯದಲ್ಲಿ ಉಡಿ ತುಂಬಿಸಿಕೊಂಡು, ಬಣ್ಣ ಸರಿಯಿಲ್ಲ ಎಂದು ಬರೆದಿರುತ್ತಾಳೆ, ಅಂಥವರನ್ನು ಎಷ್ಟು ಜನರನ್ನು ನೋಡಿಲ್ಲ, ಹೋಗುವ ಬಾಡಿಗೆ ನಮ್ಮದು, ಬರುವ ಬಾಡಿಗೆಯೂ ನಮ್ಮದೇ, ಚಾರಾಣೆ ಕೋಳಿಗೆ ಬಾರಾಣೆ ಮಸಾಲೆ — ಆದರೆ ತಡಿ, ಈ ಪಾರ್ಸೆಲ್ ಒಡೆದೇ ಇರಲಿಲ್ಲವಲ್ಲ, ಪುಣೆಯಲ್ಲಿ ಮನೆಗೆ ಬೀಗ ಇತ್ತೆಂದು ಹಾಗೇ ತಿರುಗಿ ಬಂದದ್ದು, ವಿಳಾಸದ ಚೀಟಿ ತಾನೇ ಅಂಟಿಸಿದ್ದು, ಈಗ ಕತ್ತರಿ ಹಾಕಿದವಳೂ ತಾನೇ. ಅಂದರೆ ಈ ಅಕ್ಕಿ ಇಳಕಲ್ಲಿನ ಈ ಮನೆಯಿಂದಲೇ ಹೋಗಿ, ಊರು ಸುತ್ತಿ, ಮರಳಿ ಬಂದಿದೆ.

ಸೀರೆ ಮಡಿಸಿ ಚೀಲಕ್ಕೆ ಹಾಕುವವರು ಇಲ್ಲಿ ಒಬ್ಬರೇ, ಅತ್ತೆ, ಮುತ್ತವ್ವ — ಅರ್ಧ ಕಿಲೋ ದಾಟಿದರೆ ಒಂದು ಕಿಲೋದ ಬಾಡಿಗೆ, ಅದು ಕೊರಿಯರಿನವರ ಧರ್ಮ, ಅದಕ್ಕೆಂದೇ ಡಬ್ಬಿ ಬಿಟ್ಟು ತೆಳು ಚೀಲ ತಂದು, ಜೋಡಿಗೆ ಕೊಡುತ್ತಿದ್ದ ಕುಬಸದ ಕಣ, ರವಿಕೆಯ ಬಟ್ಟೆ, ಅದನ್ನೂ ನಿಲ್ಲಿಸಿ, ಒಂದನ್ನು ತೂಗಿ ಎಲ್ಲಕ್ಕೂ ಅದೇ ತೂಕ ಬರೆಯುತ್ತ ಬಂದವಳು ತಾನು, ಬಲು ಜಾಣೆ — ಆದರೂ ಎರಡು ತಿಂಗಳಿಂದ ಪ್ರತಿ ಸೀರೆಯ ದುಡ್ಡಿನಲ್ಲಿ ತೂಕ ಹೆಚ್ಚಾಯಿತೆಂದು ಆನ್‌ಲೈನ್ ಕಂಪನಿಯವರು ಮುರಿದುಕೊಳ್ಳುತ್ತಿದ್ದಾರೆ, ಲಾಭವೆಲ್ಲ ಅಲ್ಲೇ ಸೋರಿ ಹೋಗಿ, ಪಾರ್ಸೆಲ್ ಒಯ್ಯುವ ಅಮರೇಶನ ಮೇಲೆ ಹರಿಹಾಯ್ದದ್ದೂ ಆಯಿತು, ನಿಮ್ಮ ತೂಕದ ಕಾಟಾ ಸುಳ್ಳ ಐತಿ, ಕಾಟಾ ಖರೆ ಐತ್ರಿ ಅಕ್ಕಾರ, ನಿಮ್ಮ ಸೀರೀನ ದಪ್ಪ ಆಗ್ಯಾವ ನೋಡ್ರಿ, ಎಂದು ಅವನು ತಲೆ ಕೆರೆದುಕೊಂಡಿದ್ದ. ದರ ಏರಿಸೋಣವೆಂದರೆ ಅದೇ ಪುಟದಲ್ಲಿ ಪವರ್‌ಲೂಮಿನ ಸೀರೆ ಅರ್ಧ ದರಕ್ಕೆ ಹಲ್ಲು ಕಿಸಿಯುತ್ತದೆ, ಏರಿಸದಿದ್ದರೆ ಯುಗಾದಿಯೊಳಗೆ ಅಂಗಡಿ ಮುಚ್ಚಬೇಕು, ಇನ್ನು ಕಡಿತ ಮಾಡಲು ಕೈಗೆ ಸಿಗುವುದು ನೇಕಾರ ಶಿವಸಂಗಪ್ಪನ ಕೂಲಿ ಒಂದೇ, ಬೆಳಿಗ್ಗೆಯಷ್ಟೇ ಹೇಳಿ ಬಂದಿದ್ದಾಳೆ, ಸೀರಿಗೆ ಐವತ್ತ ಕಡಿಮಿ ಮಾಡ್ತೇನ್ರಿ ಕಾಕಾ, ಆತ ಬಿಡವ್ವ, ಅಂದವನು ಮಗ್ಗದಿಂದ ತಲೆ ಎತ್ತಲೇ ಇಲ್ಲ — ಆ ಐವತ್ತು ಈ ಕೊಬ್ಬರಿ ಬಟ್ಟಲಿಗೆ ಹೋಗುತ್ತಿತ್ತೇ, ನಾಚಿಕೆಗೆ ಕಿವಿ ಬಿಸಿಯಾದವು, ಸಿಟ್ಟೂ ಬಂತು, ಕೇಳಿಯೇಬಿಡಬೇಕು, ಈಗಲೇ.

ಬರೇ ಸೀರಿ ಕೊಡಬಾರದವ್ವ ಹೆಣ್ಮಕ್ಕಳಿಗೆ, ಕಣ ನಿಲ್ಲಿಸಿದ ದಿನ ಅತ್ತೆ ಅಂದದ್ದು, ನಾವೇನ ಕೊಡಾಕತ್ತೇವೇನ್ರಿ ಅತ್ತಿ, ಮಾರಾಕತ್ತೇವಿ, ಎಂದು ತಾನು ನಕ್ಕದ್ದು, ಅದರ ಹಟವೇ ಇದು — ಪಡಸಾಲೆ ದಾಟುತ್ತ ಕಾಲು ತಡವರಿಸಿತು, ಹಟವೇ, ಎರಡು ತಿಂಗಳು, ಓಣಿಯ ಇಂದ್ರವ್ವನ ಬಸುರಿ ಮಗಳಿಗೆ ಕುಬಸದ ಕಾರ್ಯ ಆದದ್ದೂ ಆಗಲೇ ಅಲ್ಲವೇ, ಮಾವ ತೀರಿಹೋಗಿ ವರ್ಷ ತುಂಬಿದ ಮೇಲೆ ಅತ್ತೆ ಮೊದಲ ಸಲ ಮಂದಿಯ ಮನೆಗೆ ಹೋದದ್ದು, ಓಣಿಯ ಬಸುರಿಯರಿಗೆಲ್ಲ ಮೊದಲ ಹಿಡಿ ಹಾಕುತ್ತಿದ್ದ ಕೈ, ರೂಢಿ ಬಿಡಲಿಲ್ಲ, ತಟ್ಟೆಯ ಅಕ್ಕಿಯಿಂದ ಮುಷ್ಟಿ ತುಂಬಿಕೊಂಡಿತು, ಆಗ ಇಂದ್ರವ್ವ, ಮೆತ್ತಗೆ, ಯಕ್ಕಾ, ನೀ ಇತ್ತ ಬಂದ ಕೂಡ್ರ, ಮುತ್ತೈದ್ಯಾರು ತುಂಬ್ತಾರ — ಬೈದಂತಲ್ಲ, ನೂಕಿದಂತಲ್ಲ, ಆದರೂ ಅತ್ತೆ ಅದನ್ನು ತಟ್ಟೆಗೂ ಸುರಿಯಲಾರದೆ, ಆ ಹುಡುಗಿಯ ಉಡಿಗೂ ಹಾಕಲಾರದೆ, ಹಿಡಿದುಕೊಂಡೇ ಮನೆಗೆ ಬಂದರು, ಮುಚ್ಚಿದ ಮುಷ್ಟಿ, ಚಹಾ ಕೊಟ್ಟರೆ ಎಡಗೈ ಚಾಚಿದರು, ಬಲಗೈ ಮುಷ್ಟಿ ಹಾಗೇ. ಚೀಲದೊಳಗಿನ ಉಡಿ ಯಾರು ತುಂಬಿದರು, ಅವರ ಹಣೆಯಲ್ಲಿ ಕುಂಕುಮ ಇತ್ತೋ ಇಲ್ಲವೋ, ಪುಣೆಯವಳಿಗೆ ಹೇಗೆ ಗೊತ್ತಾಗಬೇಕು.

ಬಾಗಿಲಲ್ಲಿ ನಿಂತಳು, ಒಳಗೆ ಅತ್ತೆ, ಬೆನ್ನು ಈ ಕಡೆ, ತೊಡೆಯ ಮೇಲೆ ಹಸಿರು ಸೀರೆ, ತಮ್ಮಷ್ಟಕ್ಕೆ ಗೊಣಗುತ್ತಿದ್ದಾರೆ, ಯಾವ ಊರಾಕಿ ಆದ್ರೂ ಆಗಲಿ, ತುಂಬಿದ ಮನಿ ಇರ್ಲಿ ಯವ್ವಾ — ಹೇಳಬೇಕು, ಇದು ಬಿಡ್ರಿ ಅತ್ತಿ, ನಾವು ಮುಳುಗ್ತೇವಿ, ನೋಯದ ಹಾಗೆ ಹೇಳಿದರಾಯಿತು, ಮೆತ್ತಗೆ, ಇಂದ್ರವ್ವನ ಹಾಗೆ ಮೆತ್ತಗೆ — ಛೇ — ಹೊರಗೆ ಗಾಡಿ ನಿಂತಿತು, ಅಮರೇಶ ಕೂಗಿದ, ಅಕ್ಕಾರ, ಇವತ್ತಿನವು ತೂಕ ಎಷ್ಟ ಬರೀಲ್ರಿ, ಒಂದ ಕಿಲೋ ಬರ್ಕೋ, ಬಾಯಿ ತಾನಾಗಿ ಅಂದುಬಿಟ್ಟಿತು, ಎಲ್ಲಾಕ್ಕೂ ಒಂದ ಕಿಲೋ, ದರ ಏರಿಸಿದರಾಯಿತು, ಬೇಕಾದವರು ಕೊಳ್ಳಲಿ, ಶಿವಸಂಗಪ್ಪನ ಐವತ್ತು ಶಿವಸಂಗಪ್ಪನಿಗೇ ಇರಲಿ, ಅಂಗಡಿ ನಿಂತರೆ ನಿಂತೀತು, ಹೋದರೆ ಹೋದೀತು — ಆ ದನಿಗೆ ಅತ್ತೆ ಬೆಚ್ಚಿ ತಿರುಗಿದರು, ಸೊಸೆಯ ಕೈಯಲ್ಲಿ ಕೊಬ್ಬರಿ ಬಟ್ಟಲು ಕಂಡಿತು, ಬಲಗೈ ಸರಕ್ಕನೆ ಸೆರಗಿನಡಿ ಸೇರಿತು, ಹಾಕ್ರಿ ಅತ್ತಿ, ಎಂದಳು ಚೇತನಾ, ನಾ ಏನೂ ಅನ್ನೂದಿಲ್ಲ, ಹಾಕ್ರಿ, ಅತ್ತೆ ನೆಲ ನೋಡುತ್ತಿದ್ದರು, ಸೆರಗಿನಡಿ ಉಬ್ಬಿದ ಮುಷ್ಟಿ, ಬೆರಳ ಸಂದಿಯಿಂದ ಕಾಳು ಜಾರಿದರೂ ಬಿಚ್ಚದ ಮುಷ್ಟಿ, ಹಾಕ್ರಿ ಅಂದರೂ ಬಿಚ್ಚಲೊಲ್ಲದ ಮುಷ್ಟಿ —